ಸಣ್ಣ ಉದ್ದಿಮೆಗಳ ಆಪತ್ಕಾಲದ ಸಿದ್ಧತೆ

ಬೆಂಕಿ, ನೆರೆ, ಭೂಕಂಪ, ಸಾಂಕ್ರಾಮಿಕ ರೋಗದಂಥ ಆಪತ್ತು ಎರಗಿದಾಗಲೂ ಅಂಗಡಿ, ವರ್ಕ್‌ಶಾಪ್, ಸಣ್ಣ ಕಾರ್ಖಾನೆಗಳು ಕೆಲಸ ಮುಂದುವರಿಸಲು, ನಿಂತರೂ ಬೇಗ ಮತ್ತೆ ಆರಂಭಿಸಲು ಮಾಡಿಕೊಳ್ಳುವ ಏರ್ಪಾಡು. ಯಾವ ಕೆಲಸ ಒಂದು ದಿನವೂ ನಿಲ್ಲಕೂಡದು, ಯಾವುದು ವಾರದವರೆಗೆ ತಡೆದೀತು ಎಂದು ವಿಂಗಡಿಸುವುದು. ಲೆಕ್ಕಪತ್ರಗಳ ಪ್ರತಿಯನ್ನು ಬೇರೆಡೆ ಇಡುವುದು. ಬದಲಿ ಜಾಗ ಮತ್ತು ಬದಲಿ ಸರಬರಾಜುದಾರರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಮಾಲೀಕರಿಲ್ಲದಾಗ ಹೊಣೆ ಹೊರುವವರು ಯಾರೆಂದು ತೀರ್ಮಾನಿಸುವುದು. ಇವು ಈ ಏರ್ಪಾಡಿನ ಮುಖ್ಯ ಅಂಗಗಳು. ಸಣ್ಣ ಉದ್ದಿಮೆಗೆ ಸಾಮಾನ್ಯವಾಗಿ ಇರುವುದು ಒಂದೇ ಜಾಗ, ಒಂದೇ ದಾಸ್ತಾನು, ಎಲ್ಲವನ್ನೂ ಬಲ್ಲ ಒಬ್ಬರೇ ಮಾಲೀಕರು. ಆದ್ದರಿಂದ ಈ ಸಿದ್ಧತೆ ಅದಕ್ಕೇ ಹೆಚ್ಚು ಅಗತ್ಯ. ಆದರೂ ಇದು ದೊಡ್ಡ ಸಂಸ್ಥೆಗಳಲ್ಲಿ ಬೆಳೆದು, ಸಣ್ಣವರನ್ನು ತಡವಾಗಿ ತಲುಪಿತು.

ವಿಮೆ ಮತ್ತು ಸಾಲ: 1666ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಪುಡಿಂಗ್ ಲೇನ್ ಬೀದಿಯ ಬೇಕರಿಯೊಂದರಲ್ಲಿ ಹೊತ್ತಿಕೊಂಡ ಬೆಂಕಿ ಸುಮಾರು 13,000 ಮನೆಗಳನ್ನು ಸುಟ್ಟಿತು. ಮುಂದಿನ ಎರಡು ದಶಕಗಳೊಳಗೆ ನಿಕೊಲಸ್ ಬಾರ್ಬನ್ ಮೊದಲಾದವರು ಅಲ್ಲಿ ಅಗ್ನಿವಿಮೆ ಆರಂಭಿಸಿದರು. ಅಮೆರಿಕದಲ್ಲಿ 1953ರಲ್ಲಿ ಸ್ಥಾಪನೆಯಾದ ಸಣ್ಣ ಉದ್ದಿಮೆಗಳ ಸರ್ಕಾರಿ ಸಂಸ್ಥೆ ವಿಪತ್ತಿಗೆ ಸಿಕ್ಕವರಿಗೆ ಸಾಲ ಕೊಡತೊಡಗಿತು. ಇವೆರಡೂ ಆದ ನಷ್ಟವನ್ನು ತುಂಬುವ ದಾರಿಗಳು. ಬಾಗಿಲು ಮುಚ್ಚಿದ ದಿನಗಳಲ್ಲಿ ಬೇರೆ ಅಂಗಡಿಗೆ ಹೋದ ಗಿರಾಕಿಯನ್ನು ಇವು ಮರಳಿ ತರಲಾರವು.

ಕಂಪ್ಯೂಟರ್ ಯುಗ: 1970ರ ದಶಕದಲ್ಲಿ ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ತಮ್ಮ ಲೆಕ್ಕವನ್ನೆಲ್ಲ ಒಂದು ಕಂಪ್ಯೂಟರ್ ಕೊಠಡಿಗೆ ಒಪ್ಪಿಸಿದವು. ಆ ಕೊಠಡಿಗೇ ಕುತ್ತು ಬಂದರೆ ಏನು ಗತಿ ಎಂಬ ಚಿಂತೆಯಿಂದ ಟೇಪುಗಳ ಪ್ರತಿಯನ್ನು ದೂರದಲ್ಲಿ ಇಡುವ ರೂಢಿ ಬಲವಾಯಿತು. ಬದಲಿ ಕಂಪ್ಯೂಟರ್ ಕೇಂದ್ರಗಳನ್ನು ಬಾಡಿಗೆಗೆ ಕೊಡುವ ಉದ್ಯಮವೂ ಹುಟ್ಟಿತು. ಅದರ ವೆಚ್ಚ ಸಣ್ಣವರ ಕೈಗೆಟುಕುವಂತಿರಲಿಲ್ಲ.

ಮ್ಯಾಂಚೆಸ್ಟರ್: 1996ರ ಜೂನ್ 15ರಂದು ಐರಿಷ್ ರಿಪಬ್ಲಿಕನ್ ಆರ್ಮಿ (ಐಆರ್‌ಎ) ಎಂಬ ಸಶಸ್ತ್ರ ಸಂಘಟನೆ ಸ್ಫೋಟಿಸಿದ ಬಾಂಬು ಇಂಗ್ಲೆಂಡಿನ ಈ ನಗರದ ಪೇಟೆಯ ನಡುಭಾಗವನ್ನು ಹಾಳುಗೆಡವಿತು. ಮೊದಲೇ ಎಚ್ಚರಿಕೆ ಸಿಕ್ಕಿ ಜನರನ್ನು ತೆರವುಗೊಳಿಸಿದ್ದರಿಂದ ಯಾರೂ ಸಾಯಲಿಲ್ಲ. 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಒಳಗಿದ್ದ ಪುಟ್ಟ ಅಂಗಡಿಗಳವರು ಬೀದಿಗೆ ಬಿದ್ದರು. ಕಟ್ಟಡ ದುರಸ್ತಿಯಾಗಿ ಮೇಲ್ದರ್ಜೆಯ ಮಾಲ್ ಆಯಿತು. ಹಳೆಯ ವ್ಯಾಪಾರಿಗಳಲ್ಲಿ ಅನೇಕರು ನಗರದ ಬೇರೆ ಭಾಗಗಳಲ್ಲಿ ನೆಲೆ ಹುಡುಕಬೇಕಾಯಿತು. ಬ್ರಿಟನ್ನಿನ 2004ರ ನಾಗರಿಕ ಆಪತ್ತು ಕಾಯ್ದೆಯು ಉದ್ದಿಮೆಗಳಿಗೆ ಈ ಸಿದ್ಧತೆಯ ಬಗ್ಗೆ ಸಲಹೆ ನೀಡುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು.

ಜಪಾನ್: 1997ರ ಫೆಬ್ರವರಿ 1ರ ನಸುಕಿನಲ್ಲಿ ಕರಿಯಾ ನಗರದ ಐಸಿನ್ ಸೇಕಿ ಕಾರ್ಖಾನೆ ಸುಟ್ಟುಹೋಯಿತು. ಟೊಯೊಟಾ ಕಾರುಗಳ ಹಿಂದಿನ ಬ್ರೇಕಿನ ಒತ್ತಡವನ್ನು ಹದದಲ್ಲಿಡುವ ಪುಟ್ಟ ಕವಾಟ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಟೊಯೊಟಾ ದಾಸ್ತಾನು ಇಟ್ಟುಕೊಳ್ಳುತ್ತಿದ್ದುದೇ ಕಡಿಮೆಯಾದ್ದರಿಂದ ಜೋಡಣೆ ಸಾಲುಗಳು ಬೇಗನೆ ನಿಂತವು. ಐಸಿನ್ ತನ್ನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. 60ಕ್ಕೂ ಹೆಚ್ಚು ಕಂಪನಿಗಳು ತಮ್ಮಲ್ಲಿದ್ದ ಯಂತ್ರಗಳನ್ನೇ ಹೊಂದಿಸಿಕೊಂಡು ಕವಾಟ ಕೊರೆಯಲು ಕೂತವು. ಅವುಗಳಲ್ಲಿ ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ಇತ್ತು. ಸುಮಾರು ಒಂದು ವಾರದಲ್ಲಿ ಕಾರುಗಳ ತಯಾರಿಕೆ ಹಳಿಗೆ ಬಂತು. ಕಷ್ಟಕ್ಕಾಗುವ ವೃತ್ತಿಬಾಂಧವರು ಎಂಥ ಆಸ್ತಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ. ಜಪಾನ್ ಸರ್ಕಾರ 2006ರಲ್ಲಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. 2019ರಿಂದ ಸಿದ್ಧತಾ ಯೋಜನೆ ಬರೆದು ಮಾನ್ಯತೆ ಪಡೆದವರಿಗೆ ತೆರಿಗೆ, ಸಾಲಗಳಲ್ಲಿ ಅನುಕೂಲ ಕಲ್ಪಿಸಿದೆ.

ಭಾರತ: 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ವರ್ಷ ವಿಪತ್ತು ನಿರ್ವಹಣಾ ಕಾಯ್ದೆ ಬಂತು. 2018ರ ಆಗಸ್ಟ್‌ನಲ್ಲಿ, ಓಣಂ ಮಾರಾಟದ ಹೊತ್ತಿಗೇ, ಕೇರಳದ ಚೇಂದಮಂಗಲಂ ನೇಕಾರರ ಮಗ್ಗಗಳೂ ನೆಯ್ದಿಟ್ಟ ಸೀರೆಗಳೂ ನೆರೆಯಲ್ಲಿ ಮುಳುಗಿದವು. ಸ್ವಯಂಸೇವಕರು ಕೆಸರು ಮೆತ್ತಿದ ಬಟ್ಟೆಯನ್ನು ಶುದ್ಧಗೊಳಿಸಿ ‘ಚೇಕುಟ್ಟಿ’ ಗೊಂಬೆಗಳನ್ನು ಮಾಡಿ ಮಾರಿ ನೇಕಾರರಿಗೆ ನೆರವಾದರು. 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್‌ನಲ್ಲಿ ಅನೇಕ ಕಿರಾಣಿ ಅಂಗಡಿಗಳು ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ತರಿಸಿಕೊಂಡು, ಯುಪಿಐ ಮೂಲಕ ಹಣ ಪಡೆದು, ಮನೆಬಾಗಿಲಿಗೆ ಸಾಮಾನು ಮುಟ್ಟಿಸಿದವು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉದ್ದಿಮೆಗಳಿಗಾಗಿ ₹3 ಲಕ್ಷ ಕೋಟಿಯ ಖಾತರಿ ಸಾಲ ಯೋಜನೆ ಪ್ರಕಟಿಸಿತು.

ಇಂದಿನ ರೂಪ: ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22301. ಇದು 2012ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕರಣೆಗೊಂಡಿತು. ನಾಲ್ಕೈದು ಜನರ ಉದ್ದಿಮೆಗೆ ಅದರ ದಾಖಲೆಗಳ ಹೊರೆ ಬೇಕಿಲ್ಲ. ಕಾಗದದಲ್ಲಿ ಬರೆದಿಟ್ಟ ಫೋನ್ ನಂಬರುಗಳು, ಬೇರೆ ಊರಿನಲ್ಲಿರುವ ಲೆಕ್ಕದ ಪ್ರತಿ, ನೆಲದಿಂದ ಎತ್ತರಿಸಿದ ದಾಸ್ತಾನು, ಅದೇ ಕಸುಬಿನ ಇನ್ನೊಬ್ಬರೊಡನೆ ಪರಸ್ಪರ ನೆರವಿನ ಒಪ್ಪಂದ, ವರ್ಷಕ್ಕೊಮ್ಮೆ ಇವನ್ನೆಲ್ಲ ಪರೀಕ್ಷಿಸಿ ನೋಡುವ ಅಭ್ಯಾಸ: ಇಷ್ಟಿದ್ದರೆ ಒಳ್ಳೆಯ ಆರಂಭ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣಕ್ಕಿಂತ ಬಿಡುವು ಮಾಡಿಕೊಳ್ಳುವ ಮನಸ್ಸೇ ಮುಖ್ಯ.