ಚಾವಣಿಯೇರಿದ ತಂಪು

ಅಮೆರಿಕದ ಜನ ಪ್ರವಾಸಕ್ಕೆ ಒಯ್ಯುವ ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಒಳಗೆ. ಹವಾನಿಯಂತ್ರಣ ಯಂತ್ರ ಮಾತ್ರ ಸಾಮಾನ್ಯವಾಗಿ ಚಾವಣಿಯ ಮೇಲೆ. ಅಲ್ಲೇ ಏಕೆ?

ಈ ಪಾಠವನ್ನು ಲಾರಿಗಳು ಮೊದಲೇ ಕಲಿತಿದ್ದವು. ಮಿನಿಯಾಪೊಲಿಸ್ ನಗರದಲ್ಲಿ ಸಿನಿಮಾ ಧ್ವನಿಯಂತ್ರಗಳ ಕಂಪನಿಯಲ್ಲಿದ್ದ ಫ್ರೆಡರಿಕ್ ಮೆಕಿನ್ಲೆ ಜೋನ್ಸ್, 1938ರಲ್ಲಿ ಲಾರಿಗೆಂದು ಶೈತ್ಯಯಂತ್ರ ರೂಪಿಸಲು ತೊಡಗಿದರು. ಆಫ್ರಿಕನ್ ಮೂಲದ ಈತ ಬಾಲ್ಯದಲ್ಲೇ ಶಾಲೆ ಬಿಟ್ಟು, ಯಂತ್ರವಿದ್ಯೆಯನ್ನು ತಾವೇ ಓದಿ ಕಲಿತವರು. ಮೊದಲ ಯಂತ್ರವನ್ನು ಲಾರಿಯ ಅಡಿಗೆ ಕಟ್ಟಿದರು. ರಸ್ತೆಯ ಕೆಸರು ಅದನ್ನು ಕೆಡಿಸಿತು. ಜೋನ್ಸ್ ಯಂತ್ರವನ್ನು ಹಗುರಗೊಳಿಸಿ, ಲಾರಿಪೆಟ್ಟಿಗೆಯ ಮುಂಗೋಡೆಯ ಮೇಲ್ಭಾಗಕ್ಕೆ ಏರಿಸಿದರು. ತಣ್ಣನೆಯ ಗಾಳಿ ಭಾರವಷ್ಟೆ; ಮೇಲಿನಿಂದ ಬಿಟ್ಟರೆ ತಾನಾಗಿ ಇಳಿಯುತ್ತದೆ.

ಕ್ಯಾರವಾನಿಗೆ ಇನ್ನೊಂದು ಅನುಕೂಲವಿತ್ತು. ಅದರ ಚಾವಣಿಯಲ್ಲಿ 14 ಅಂಗುಲ ಚೌಕದ ಗಾಳಿಕಿಂಡಿ ಇರುವುದು ರೂಢಿ. ಕಿಂಡಿಯ ಮುಚ್ಚಳ ತೆಗೆದು ಯಂತ್ರವನ್ನು ಅಲ್ಲಿ ಕೂರಿಸುತ್ತಾರೆ; ನಡುವೆ ಸ್ಪಂಜಿನ ಪಟ್ಟಿಯಿಟ್ಟು ಒಳಗಿನಿಂದ ಬೋಲ್ಟ್ ಬಿಗಿಯುತ್ತಾರೆ. ಪಟ್ಟಿ ಸುಮಾರು ಅರ್ಧದಷ್ಟು ಕುಗ್ಗಬೇಕು. ಬಿಗಿ ಸಾಲದಿದ್ದರೆ ಹಾಸಿಗೆಯ ಮೇಲೆ ಮಳೆ! ಅದೇ ಕಿಂಡಿಯಿಂದ ಕೋಣೆಯ ಬಿಸಿಗಾಳಿ ಮೇಲೇರಿ, ತಂಪಾಗಿ ಮರಳುತ್ತದೆ. ಎರಡೂ ಬೆರೆಯದಂತೆ ನಡುವೆ ತಡಿಕೆ. ಗಂಟೆಗೆ 13,500 ಬಿಟಿಯು ಸಾಮರ್ಥ್ಯದ ಯಂತ್ರ ಬಹಳ ಬಳಕೆಯಲ್ಲಿದೆ, ಅಂದರೆ ಒಂದು ಟನ್ನಿಗಿಂತ ತುಸು ಹೆಚ್ಚು. ಈ ಟನ್ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ದಿನವಿಡೀ ಕರಗುತ್ತ ಹೀರುವಷ್ಟು ಶಾಖವನ್ನು ಸೆಳೆಯುವ ಶಕ್ತಿ.

ಜೋನ್ಸ್ 1961ರಲ್ಲಿ ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರ ಹೆಸರಿಗೆ ಬಂದದ್ದು 1991ರಲ್ಲಿ. ಅದನ್ನು ಅವರ ಪತ್ನಿ ಸ್ವೀಕರಿಸಿದರು.