ಹಗ್ಗವನ್ನು ಎಲ್ಲಿಗೆ ಕಟ್ಟಬೇಕು? ಜಲಕ್ರೀಡಾ ದೋಣಿಗಳಲ್ಲಿ ಎಳೆತದ ಬಿಂದುವಿನ ಆಯ್ಕೆ

ಸಾರಾಂಶ

ಯಂತ್ರದೋಣಿಯ ಹಿಂದೆ ಸ್ಕೀ, ವೇಕ್‌ಬೋರ್ಡ್, ಟ್ಯೂಬ್ ಅಥವಾ ಬನಾನಾ ಬೋಟನ್ನು ಎಳೆಯುವಾಗ ಹಗ್ಗವನ್ನು ದೋಣಿಯ ಯಾವ ಜಾಗಕ್ಕೆ ಬಿಗಿಯಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ರೂಢಿಯಲ್ಲಿ ಇದನ್ನು ಕೊಂಡಿ ಎಷ್ಟು ಗಟ್ಟಿ ಎಂಬ ಒಂದೇ ಪ್ರಶ್ನೆಗೆ ಇಳಿಸಲಾಗುತ್ತದೆ. ಬಿಂದುವಿನ ಎತ್ತರ ಮತ್ತು ದೋಣಿಯ ಗುರುತ್ವ ಕೇಂದ್ರದಿಂದ ಅದಕ್ಕಿರುವ ದೂರವನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಸುರಕ್ಷತೆಯ ಲೆಕ್ಕ ಸಿಗುತ್ತದೆ ಎಂಬುದು ಇಲ್ಲಿನ ವಾದ. ಸರಳ ಯಂತ್ರಶಾಸ್ತ್ರದ ಅಂದಾಜುಗಳ ಮೂಲಕ ಹಿಂಬದಿಯ ಕೊಂಡಿ, ಪೈಲಾನ್, ಟವರ್ ಮತ್ತು ಕ್ಲೀಟ್‌ಗಳನ್ನು ಹೋಲಿಸಿ, ಕರಾವಳಿಯ ಔಟ್‌ಬೋರ್ಡ್ ದೋಣಿಗಳಿಗೆ ಹೊಂದುವ ಕ್ರಮವನ್ನು ಸೂಚಿಸಲಾಗಿದೆ.

ಪ್ರಮುಖ ಪದಗಳು: ಎಳೆತದ ಬಿಂದು, ಕವಲುಹಗ್ಗ, ತಿರುಗುಬಲ, ಮಗುಚುವಿಕೆ, ಜಲಕ್ರೀಡೆ

1. ಪೀಠಿಕೆ

ಸಾಧಾರಣ ಮೋಜಿನ ದೋಣಿಯೊಂದರಲ್ಲಿ ಹಗ್ಗ ಕಟ್ಟಲು ಒದಗುವ ಜಾಗಗಳು ಹಲವು. ಟ್ರಾನ್ಸಮ್ ಎಂದು ಕರೆಯುವ ಹಿಂಬದಿಯ ಅಡ್ಡಗೋಡೆಯಲ್ಲಿ ಎರಡು ಉಕ್ಕಿನ ಕೊಂಡಿಗಳಿರುತ್ತವೆ. ಕೆಲವು ದೋಣಿಗಳಲ್ಲಿ ಅವುಗಳ ನಡುವೆ ಸ್ಕೀಗೆಂದೇ ಇಟ್ಟ ಮೂರನೆಯದೂ ಇರುತ್ತದೆ. ಸ್ಪರ್ಧೆಯ ದೋಣಿಗಳಲ್ಲಿ ನಡುಭಾಗದಲ್ಲಿ ಪೈಲಾನ್ ಎಂಬ ಗಿಡ್ಡ ಕಂಬ ನಿಂತಿರುತ್ತದೆ. ವೇಕ್‌ಬೋರ್ಡ್ ದೋಣಿಗಳಲ್ಲಿ ತಲೆಯ ಮೇಲೆ ಕಮಾನಿನಂತೆ ಟವರ್ ಹಾಯುತ್ತದೆ. ಇವುಗಳ ಜೊತೆಗೆ ದಡಕ್ಕೆ ಕಟ್ಟಿಹಾಕುವ ಕ್ಲೀಟ್‌ಗಳು, ಏಣಿಯ ಸರಳು, ಸೀಟಿನ ಕಾಲು ಎಲ್ಲವೂ ಅವಸರದಲ್ಲಿ ಕೈಗೆ ಸಿಗುವಂಥವು. ಇವೆಲ್ಲ ಗಂಟು ಹಿಡಿಯುತ್ತವೆ ಎಂಬುದೇ ತೊಂದರೆಯ ಮೂಲ. ಗಂಟು ನಿಂತ ಮಾತ್ರಕ್ಕೆ ಅಲ್ಲಿಂದ ಎಳೆಯಬಹುದು ಎಂದಾಗುವುದಿಲ್ಲ.

2. ಆಟ ಬದಲಾದಂತೆ ಬಿಂದುವೂ ಬದಲಾಯಿತು

ಅಮೆರಿಕದ ಮಿನೆಸೋಟಾ ರಾಜ್ಯದ ಲೇಕ್ ಪೆಪಿನ್‌ನಲ್ಲಿ 1922ರಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ತನ್ನ ಅಣ್ಣನ ದೋಣಿಯ ಹಿಂದೆ ಎರಡು ಹಲಗೆಗಳ ಮೇಲೆ ನಿಂತು ಜಾರಿದ. ಜಲಸ್ಕೀಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಮುಂದೆ ಸ್ಲಾಲಮ್ ಸ್ಪರ್ಧೆ ಬೆಳೆದಾಗ ಹಿಂಬದಿಯ ಕೊಂಡಿ ಸಾಲದಾಯಿತು. ಈ ಸ್ಪರ್ಧೆಯಲ್ಲಿ ದೋಣಿ ಪುರುಷರಿಗೆ ಗಂಟೆಗೆ 58, ಮಹಿಳೆಯರಿಗೆ 55 ಕಿಲೋಮೀಟರ್ ವೇಗದಲ್ಲಿ 259 ಮೀಟರ್ ಉದ್ದದ ಅಂಕಣದ ನಡುಗೆರೆಯ ಮೇಲೆ ನೇರ ಓಡಬೇಕು. ಸ್ಕೀಗಾರರು ಆ ಗೆರೆಯಿಂದ 11.5 ಮೀಟರ್ ದೂರದ ಆರು ತೇಲುಬುರುಡೆಗಳನ್ನು ಎಡಬಲಕ್ಕೆ ಸುತ್ತಿ ಬರಬೇಕು. 18.25 ಮೀಟರ್ ಹಗ್ಗವನ್ನು ಹಂತಹಂತವಾಗಿ 9.75 ಮೀಟರ್‌ವರೆಗೆ ಮೊಟಕುಗೊಳಿಸಲಾಗುತ್ತದೆ. ಅಷ್ಟು ಗಿಡ್ಡ ಹಗ್ಗದಲ್ಲಿ ಎಳೆತ ಬಹುಪಾಲು ಅಡ್ಡಲಾಗಿ ಬೀಳುತ್ತದೆ. ದೋಣಿಯ ಹಿಂಬದಿ ಅತ್ತಿತ್ತ ಸರಿಯದಿರಲೆಂದು ಬಿಂದುವನ್ನು ನಡುವಿಗೆ ತಂದರು. ಪೈಲಾನ್ ನೆಲೆಯಾದದ್ದು ಹೀಗೆ.

1990ರ ದಶಕದ ಉತ್ತರಾರ್ಧದಲ್ಲಿ ವೇಕ್‌ಬೋರ್ಡ್ ಜನಪ್ರಿಯವಾದಾಗ ಬೇಕಾದದ್ದು ಎತ್ತರ. ಸವಾರನ ಕೈಹಿಡಿ ಗಾಳಿಯಲ್ಲಿ ನೀರಿನಿಂದ 3 ಮೀಟರ್ ಮೇಲೇರಿತೆನ್ನೋಣ. ಅರ್ಧ ಮೀಟರ್ ಎತ್ತರದ ಹಿಂಗೊಂಡಿಗೆ ಕಟ್ಟಿದ 18 ಮೀಟರ್ ಹಗ್ಗ ಅವನನ್ನು ತನ್ನ ಬಿಗಿತದ ಶೇ 14ರಷ್ಟು ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಬಿಂದು 2.1 ಮೀಟರ್ ಎತ್ತರದಲ್ಲಿದ್ದರೆ ಈ ಜಗ್ಗಾಟ ಶೇ 5ಕ್ಕೆ ಇಳಿಯುತ್ತದೆ. ಟವರ್ ಹುಟ್ಟಿದ್ದು ಒಬ್ಬನೇ ಸವಾರನ ಈ ಅಗತ್ಯಕ್ಕೆ. ಟ್ಯೂಬನ್ನಾಗಲಿ ಒಂದಕ್ಕಿಂತ ಹೆಚ್ಚು ಜನರನ್ನಾಗಲಿ ಇದಕ್ಕೆ ಕಟ್ಟಿ ಎಳೆಯಬಾರದು ಎಂಬ ಎಚ್ಚರಿಕೆ ಅನೇಕ ಟವರ್‌ಗಳ ಮೇಲೆಯೇ ಅಂಟಿಸಿರುತ್ತದೆ. ಅದರ ಕಾರಣ ಮುಂದಿನ ಲೆಕ್ಕಗಳಲ್ಲಿ ಸ್ಪಷ್ಟವಾಗುತ್ತದೆ.

3. ಹಗ್ಗಕ್ಕೆ ಬೀಳುವ ಬಲ

ಟ್ಯೂಬ್ ನೀರಿನ ಮೇಲೆ ಜಾರುತ್ತಿರುವವರೆಗೆ ಬಲ ಸಣ್ಣದು. ಇಬ್ಬರನ್ನು ಹೊತ್ತ ಟ್ಯೂಬಿನ ಒಟ್ಟು ತೂಕ 170 ಕಿಲೋ, ನೀರಿನ ಪ್ರತಿರೋಧ ಆ ತೂಕದ ಕಾಲು ಭಾಗ ಎಂದು ಹಿಡಿದರೆ ಹಗ್ಗದ ಬಿಗಿತ ಸುಮಾರು 0.4 ಕಿಲೋನ್ಯೂಟನ್. ಆದರೆ ಟ್ಯೂಬಿನ ಮೂತಿ ನೀರಿಗೆ ಕುಕ್ಕಿದ ಕ್ಷಣ ಚಿತ್ರ ಬದಲಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನೀರಿನ ಚಲನಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 35 ಕಿಲೋನ್ಯೂಟನ್. ಪ್ರತಿರೋಧದ ಗುಣಾಂಕ ಒಂದು ಎಂದುಕೊಂಡರೆ, ಚದರ ಮೀಟರಿನ ಹತ್ತನೇ ಒಂದು ಭಾಗದಷ್ಟು ಮೈ ನೀರಿಗೆ ಎದುರಾದರೂ ಸಾಕು, ಬಿಗಿತ 3.5 ಕಿಲೋನ್ಯೂಟನ್‌ಗೆ ಜಿಗಿಯುತ್ತದೆ. ಅಂದರೆ ಎಂಟು ಪಟ್ಟಿಗೂ ಹೆಚ್ಚು.

ಸಡಿಲಗೊಂಡ ಹಗ್ಗ ಮತ್ತೆ ಬಿಗಿಯುವಾಗಿನ ಜಗ್ಗು ಬೇರೆ. ಅದೇ 170 ಕಿಲೋ ಹೊರೆಗೂ ದೋಣಿಗೂ ಸೆಕೆಂಡಿಗೆ 3 ಮೀಟರ್ ವೇಗದ ವ್ಯತ್ಯಾಸವಿದ್ದು, 2 ಕಿಲೋನ್ಯೂಟನ್ ಬಲಕ್ಕೆ ಶೇ 3ರಷ್ಟು ಹಿಗ್ಗುವ 18 ಮೀಟರ್ ಹಗ್ಗ ಬಳಸಿದರೆ, ಜಗ್ಗು ಸುಮಾರು 2.4 ಕಿಲೋನ್ಯೂಟನ್ ಮುಟ್ಟುತ್ತದೆ. ಆದ್ದರಿಂದ ಎಳೆತದ ಬಿಂದುವಿನ ವಿನ್ಯಾಸ ಸರಾಸರಿ ಬಲವನ್ನು ನಂಬುವಂತಿಲ್ಲ. ಅಪರೂಪಕ್ಕೆ ಬರುವ ಗರಿಷ್ಠವೇ ಅಳತೆಗೋಲು. ಅಮೆರಿಕದ ವಾಟರ್ ಸ್ಪೋರ್ಟ್ಸ್ ಇಂಡಸ್ಟ್ರಿ ಅಸೋಸಿಯೇಶನ್ ಇಬ್ಬರ ಟ್ಯೂಬಿಗೆ ಕನಿಷ್ಠ 2375 ಪೌಂಡ್, ಅಂದರೆ ಸುಮಾರು 1077 ಕಿಲೋ, ನಾಲ್ವರ ಟ್ಯೂಬಿಗೆ 4100 ಪೌಂಡ್, ಅಂದರೆ ಸುಮಾರು 1860 ಕಿಲೋ ಸರಾಸರಿ ತುಂಡಾಗುವ ಬಲವಿರುವ ಹಗ್ಗವನ್ನು ಹೇಳುವುದು ಈ ಹಿನ್ನೆಲೆಯಲ್ಲಿ.

4. ಎತ್ತರ ಮತ್ತು ನಡು: ಟಗ್‌ಗಳು ಕಲಿಸಿದ ಪಾಠ

ಬಿಂದು ಎಲ್ಲಿರಬೇಕೆಂಬ ಪ್ರಶ್ನೆಯನ್ನು ಜಲಕ್ರೀಡೆಗಿಂತ ಮೊದಲು ಎದುರಿಸಿದವರು ಬಂದರುಗಳಲ್ಲಿ ಹಡಗುಗಳನ್ನು ಎಳೆಯುವ ಟಗ್ ದೋಣಿ ನಡೆಸುವವರು. ಹಗ್ಗ ಟಗ್‌ನ ನಡುಭಾಗಕ್ಕೆ ಕಟ್ಟಿದ್ದು, ಎಳೆತ ಪಕ್ಕದಿಂದ ಬಂದರೆ ಟಗ್ ಅಡ್ಡಲಾಗಿ ಎಳೆಯಲ್ಪಟ್ಟು ಮಗುಚುತ್ತದೆ. 2007ರ ಡಿಸೆಂಬರ್ 19ರಂದು ಸ್ಕಾಟ್ಲೆಂಡಿನ ಕ್ಲೈಡ್ ನದಿಯಲ್ಲಿ ದಟ್ಟ ಮಂಜಿನ ನಡುವೆ ಹಡಗೊಂದಕ್ಕೆ ನೆರವಾಗುತ್ತಿದ್ದ ‘ಫ್ಲೈಯಿಂಗ್ ಫ್ಯಾಂಟಮ್’ ಟಗ್ ಹೀಗೆಯೇ ಮುಳುಗಿತು. ಅದರಲ್ಲಿದ್ದ ನಾಲ್ವರಲ್ಲಿ ಮೂವರು ಸತ್ತರು. ಈ ಅಪಾಯ ತಗ್ಗಿಸಲು ಟಗ್‌ಗಳಲ್ಲಿ ಗಾಬ್ ರೋಪ್ ಎಂಬ ಇನ್ನೊಂದು ಹಗ್ಗದಿಂದ ಎಳೆತದ ಬಿಂದುವನ್ನು ಕೆಳಕ್ಕೂ ಹಿಂದಕ್ಕೂ ತರುವ ಪದ್ಧತಿಯಿದೆ.

ಹಿಂದಕ್ಕೆ ತರುವುದರ ತರ್ಕ ಗಮನಾರ್ಹ. ಹಿಂಬದಿಗೆ ಕಟ್ಟಿದ ಹಗ್ಗ ಪಕ್ಕಕ್ಕೆ ಜಗ್ಗಿದರೆ ಹಿಂಬದಿಯೇ ಆ ಕಡೆ ಸರಿಯುತ್ತದೆ, ದೋಣಿ ತಿರುಗಿ ಹಗ್ಗದ ಗೆರೆಗೆ ಬಂದು ನಿಲ್ಲುತ್ತದೆ. ಚುಕ್ಕಾಣಿ ಹಿಡಿದವನಿಗೆ ಇದು ಕಿರಿಕಿರಿ. ಆದರೆ ಅಡ್ಡ ಎಳೆತ ತಾನಾಗಿ ಕಡಿಮೆಯಾಗಿ ವಾಲಿಕೆಗೆ ಮಿತಿ ಬೀಳುತ್ತದೆ. ನಡುವಿಗೆ ಕಟ್ಟಿದ ಹಗ್ಗ ದೋಣಿಯನ್ನು ತಿರುಗಿಸುವುದಿಲ್ಲ, ಹಾಗಾಗಿ ವಾಲಿಸುತ್ತಲೇ ಇರುತ್ತದೆ. ಅಂಕಿಗಳಲ್ಲಿ ಹೇಳುವುದಾದರೆ, 45 ಡಿಗ್ರಿ ಕೋನದ 1.5 ಕಿಲೋನ್ಯೂಟನ್ ಎಳೆತ, ಗುರುತ್ವ ಕೇಂದ್ರದಿಂದ 3 ಮೀಟರ್ ಹಿಂದಿರುವ ಕೊಂಡಿಯಲ್ಲಿ 3.2 ಕಿಲೋನ್ಯೂಟನ್-ಮೀಟರ್ ತಿರುಗುಬಲ ಹುಟ್ಟಿಸುತ್ತದೆ. ಅರ್ಧ ಮೀಟರ್ ಹಿಂದಿರುವ ಪೈಲಾನ್‌ನಲ್ಲಿ ಅದು ಬರೀ 0.53. ಸ್ಲಾಲಮ್ ದೋಣಿ ನೇರ ಓಡುವುದು ಇದರಿಂದ. ಅದಕ್ಕೆ ತೆರುವ ಬೆಲೆ ಉಳಿಯುವ ವಾಲಿಕೆ. ಅದನ್ನು ತಗ್ಗಿಸುವುದು ಪೈಲಾನಿನ ಗಿಡ್ಡತನ.

ಟವರ್‌ನಲ್ಲಿ ಎತ್ತರ ಮತ್ತು ನಡು ಎರಡೂ ಒಂದಾಗುತ್ತವೆ. ಟ್ಯೂಬ್ ಅಲೆಯ ಹೊರಕ್ಕೆ ತೂರಿ 3 ಕಿಲೋನ್ಯೂಟನ್ ಬಲದಿಂದ 45 ಡಿಗ್ರಿಯಲ್ಲಿ ಜಗ್ಗಿತೆಂದುಕೊಳ್ಳೋಣ. ನೀರಿನಡಿಯ ಪ್ರತಿರೋಧದ ಮಧ್ಯದಿಂದ 2.4 ಮೀಟರ್ ಮೇಲಿರುವ ಟವರ್‌ನಲ್ಲಿ ವಾಲಿಸುವ ತಿರುಗುಬಲ 5.1 ಕಿಲೋನ್ಯೂಟನ್-ಮೀಟರ್, 0.6 ಮೀಟರ್ ಮೇಲಿರುವ ಹಿಂಗೊಂಡಿಯಲ್ಲಿ 1.3. ತಲಾ 75 ಕಿಲೋ ತೂಗುವ ಏಳು ಮಂದಿ ಒಮ್ಮೆಲೇ ಒಂದೇ ಬದಿಗೆ ಒಂದು ಮೀಟರ್ ಸರಿದರೆ ಆಗುವ ಪರಿಣಾಮ ಮೊದಲನೆಯದಕ್ಕೆ ಸಮ. ಎರಡನೆಯದಕ್ಕೆ ಇಬ್ಬರೂ ಬೇಕಿಲ್ಲ. ಟವರ್ ಉಕ್ಕಿನಷ್ಟು ಗಟ್ಟಿಯಿದ್ದು ಒಂದು ಬೋಲ್ಟೂ ಅಲುಗದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಗಟ್ಟಿತನ ಹೆಚ್ಚಿದಷ್ಟೂ ಬಲ ಪೂರ್ತಿಯಾಗಿ ದೋಣಿಗೆ ದಾಟುತ್ತದೆ, ಅಷ್ಟೆ.

5. ಕವಲುಹಗ್ಗದ ಕೋನ

ಔಟ್‌ಬೋರ್ಡ್ ದೋಣಿಯಲ್ಲಿ ಎಂಜಿನ್ ಟ್ರಾನ್ಸಮ್‌ನ ನಟ್ಟನಡುವೆ ಕೂತಿರುತ್ತದೆ. ಅದನ್ನು ದಾಟಿಸಿ ಎಳೆಯಲು ಎರಡು ಹಿಂಗೊಂಡಿಗಳಿಂದ ಹೊರಟು ಎಂಜಿನ್ನಿನ ಹಿಂದೆ ಸೇರುವ ಕವಲುಹಗ್ಗ ಬೇಕು. ಎಳೆತ ನಡುಗೆರೆಗೆ ಬರುತ್ತದೆ, ಹೊರೆ ಎರಡು ಕೊಂಡಿಗಳಿಗೆ ಹಂಚಿಕೆಯಾಗುತ್ತದೆ.

ಹಂಚಿಕೆ ಎಷ್ಟೆಂಬುದನ್ನು ಕವಲಿನ ಉದ್ದ ನಿರ್ಧರಿಸುತ್ತದೆ. ಕೊಂಡಿಗಳ ನಡುವೆ 1.5 ಮೀಟರ್ ಅಂತರವಿದ್ದು ಪ್ರತಿ ಕವಲು 2.5 ಮೀಟರ್ ಉದ್ದವಿದ್ದರೆ, ಒಂದೊಂದಕ್ಕೂ ಒಟ್ಟು ಎಳೆತದ ಶೇ 52 ಬೀಳುತ್ತದೆ. ಕವಲನ್ನು 0.9 ಮೀಟರಿಗೆ ಮೊಟಕು ಮಾಡಿದರೆ ಅದು ಶೇ 90ಕ್ಕೆ ಏರುತ್ತದೆ. ಎರಡು ಕೊಂಡಿ ಬಳಸಿದ ಲಾಭ ಹೆಚ್ಚುಕಡಿಮೆ ಮಾಯ. ಕೂಡುವಲ್ಲಿ ಗಂಟು ಹಾಕಿದರೆ ಇನ್ನೊಂದು ತೊಡಕಿದೆ: ಟ್ಯೂಬ್ ಪಕ್ಕಕ್ಕೆ ಓಡಿದಾಗ ಒಂದು ಕವಲು ಸಡಿಲವಾಗಿ ಪೂರ್ತಿ ಹೊರೆ ಇನ್ನೊಂದರ ಮೇಲೆ ಕೂರುತ್ತದೆ. ಗಂಟಿನ ಬದಲು ತೇಲುವ ರಾಟೆ ಇದ್ದರೆ ಅದು ಹಗ್ಗದ ಮೇಲೆ ಸರಿದು ಎರಡೂ ಬದಿಯ ಬಿಗಿತವನ್ನು ಸಮವಾಗಿಡುತ್ತದೆ. ತೇಲುವುದೂ ಮುಖ್ಯ. ಮುಳುಗಿದ ಕವಲು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಳ್ಳಲು ದೋಣಿ ನಿಧಾನಿಸಿದ ಒಂದು ಗಳಿಗೆ ಸಾಕು.

6. ಕೊಂಡಿಯ ಹಿಂದಿರುವ ಗೋಡೆ

ಕೊಂಡಿ ಎಷ್ಟೇ ದಪ್ಪವಿದ್ದರೂ ಅದು ಕೂತಿರುವ ಫೈಬರ್ ಗೋಡೆಗಿಂತ ಗಟ್ಟಿಯಾಗಲಾರದು. 10 ಮಿಲಿಮೀಟರ್ ಬೋಲ್ಟಿನ ಮೇಲೆ 3 ಕಿಲೋನ್ಯೂಟನ್ ಎಳೆತವಿದ್ದು, ಹಿಂದೆ 20 ಮಿಲಿಮೀಟರ್ ವ್ಯಾಸದ ವಾಷರ್ ಮಾತ್ರ ಇದ್ದರೆ, ಗೋಡೆಯ ಮೇಲಿನ ಸರಾಸರಿ ಒತ್ತಡ ಸುಮಾರು 13 ಮೆಗಾಪಾಸ್ಕಲ್. ಅದರ ಜಾಗದಲ್ಲಿ 80 ಮಿಲಿಮೀಟರ್ ಚೌಕದ ಲೋಹದ ಫಲಕ ಇಟ್ಟರೆ ಅರ್ಧ ಮೆಗಾಪಾಸ್ಕಲ್‌ಗಿಂತ ಕಡಿಮೆ. ಟ್ರಾನ್ಸಮ್‌ನೊಳಗೆ ಪ್ಲೈವುಡ್ ಇದ್ದು, ಬೋಲ್ಟಿನ ತೂತಿನಿಂದ ನೀರಿಳಿದು ಅದು ಕೊಳೆತಿದ್ದರೆ ಈ ವ್ಯತ್ಯಾಸವೇ ಕೊಂಡಿ ಉಳಿಯುವುದಕ್ಕೂ ಕಿತ್ತು ಬರುವುದಕ್ಕೂ ಕಾರಣವಾಗುತ್ತದೆ.

ದಿಕ್ಕನ್ನೂ ನೋಡಬೇಕು. ಒಂಟಿ ಕಾಲಿನ ಐಬೋಲ್ಟನ್ನು ನೇರವಾಗಿ ಎಳೆಯದೆ 45 ಡಿಗ್ರಿ ಓರೆಯಾಗಿ ಎಳೆದರೆ ಅದರ ಸುರಕ್ಷಿತ ಹೊರೆ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಎರಡು ಕಾಲಿನ ಯು-ಬೋಲ್ಟ್ ಇದನ್ನು ಹೆಚ್ಚು ತಾಳುತ್ತದೆ. ಮೂಲೆಯ ಕ್ಲೀಟ್ ಇಲ್ಲಿ ಎರಡು ಬಗೆಯಲ್ಲಿ ಸೋಲುತ್ತದೆ: ನಿಂತ ದೋಣಿಯನ್ನು ಹಿಡಿಯಲು ಮಾಡಿದ ಅದರ ಬುಡಕ್ಕೆ ಮತ್ತೆಮತ್ತೆ ಬೀಳುವ ಜಗ್ಗು ಹೊಸದು, ನಡುಗೆರೆಯಿಂದ ಪಕ್ಕಕ್ಕಿರುವ ಕಾರಣ ದೋಣಿಯನ್ನು ಸದಾ ಒಂದೇ ಕಡೆಗೆ ತಿರುಗಿಸುತ್ತಿರುತ್ತದೆ.

ವೈಫಲ್ಯದ ದಿಕ್ಕೂ ಆಯ್ಕೆಯ ಭಾಗವೇ. 18 ಮೀಟರ್ ಹಗ್ಗ 2 ಕಿಲೋನ್ಯೂಟನ್ ಬಲಕ್ಕೆ ಶೇ 3 ಹಿಗ್ಗಿದ್ದರೆ ಅದರಲ್ಲಿ ಸುಮಾರು 540 ಜೂಲ್ ಶಕ್ತಿ ಅಡಗಿರುತ್ತದೆ. ದಡಕ್ಕೆ ಕಟ್ಟುವ ನೈಲಾನ್ ಹಗ್ಗ ಬಳಸಿ ಹಿಗ್ಗು ಶೇ 15 ಆದರೆ 2700 ಜೂಲ್. ಕೊಂಡಿ ಕಿತ್ತರೆ ಈ ಶಕ್ತಿಯೊಂದಿಗೆ ಲೋಹದ ತುಂಡು ಟ್ಯೂಬಿನಲ್ಲಿರುವವರ ಕಡೆಗೇ ಹಾರುತ್ತದೆ. ಹಾಗಾಗಿ ಕೊಂಡಿ, ಫಲಕ, ಗೋಡೆ ಮೂರೂ ಹಗ್ಗಕ್ಕಿಂತ ಗಟ್ಟಿಯಿರಬೇಕು. ಇಲ್ಲವಾದರೆ ದೋಣಿ ತಯಾರಕರು ಕೊಂಡಿಗೆ ಸೂಚಿಸಿದ ಮಿತಿಯೇ ಸವಾರರ ಸಂಖ್ಯೆಯನ್ನು ನಿರ್ಧರಿಸಬೇಕು. ದಪ್ಪ ಹಗ್ಗ ಕೊಂಡ ಮಾತ್ರಕ್ಕೆ ಇನ್ನಿಬ್ಬರನ್ನು ಹತ್ತಿಸುವ ಪರವಾನಗಿ ಸಿಗುವುದಿಲ್ಲ.

7. ನಮ್ಮ ಕರಾವಳಿಯ ಸಂದರ್ಭ

ಮಲ್ಪೆ, ಮುರ್ಡೇಶ್ವರ, ಕಾರವಾರದಂಥ ಕಡಲತೀರಗಳಲ್ಲಿ ಪ್ರವಾಸಿಗರಿಗೆ ಸಿಗುವ ಬನಾನಾ ಬೋಟ್ ಸವಾರಿಯಲ್ಲಿ ಒಂದೇ ಹಗ್ಗಕ್ಕೆ ಹಲವರ ಹೊರೆ ಬೀಳುತ್ತದೆ. ಸವಾರರನ್ನು ಬೇಕೆಂದೇ ನೀರಿಗೆ ಕೆಡಹುವ ತಿರುವು ಆ ಆಟದ ಭಾಗ. ಅಡ್ಡ ಎಳೆತ ಗರಿಷ್ಠವಾಗುವುದು ಅಂಥ ತಿರುವಿನಲ್ಲೇ. ಈ ಯಂತ್ರಶಾಸ್ತ್ರ ಇಲ್ಲಿನ ಮೀನುಗಾರರಿಗೆ ಅಪರಿಚಿತವಲ್ಲ: ಟ್ರಾಲ್ ಬಲೆ ತಳದ ಕಲ್ಲಿಗೆ ಸಿಕ್ಕಿಕೊಂಡು ತಂತಿ ಒಂದೇ ಬದಿಗೆ ಬಿಗಿದಾಗ ಬೋಟು ವಾಲುವುದು ಇದೇ ನಿಯಮದಿಂದ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಯಂತ್ರದೋಣಿ ನಡೆಸುವವರಿಗೂ ಜೀವರಕ್ಷಕರಿಗೂ ತರಬೇತಿ ನೀಡುತ್ತದೆ. ತೀರದ ದೈನಂದಿನ ತಪಾಸಣೆಯಲ್ಲಿ ಜೀವರಕ್ಷಕ ಜಾಕೆಟ್‌ಗಳ ಜೊತೆಗೆ ಕೊಂಡಿಯ ಹಿಂಬದಿಯ ಫಲಕವನ್ನೂ ಕವಲುಹಗ್ಗದ ಉದ್ದವನ್ನೂ ಸೇರಿಸಲು ಹೆಚ್ಚಿನ ಖರ್ಚಿಲ್ಲ.

8. ನಿರ್ಣಯ

ಈ ವಿಶ್ಲೇಷಣೆಯಿಂದ ಒಂದು ಕ್ರಮ ಮೂಡುತ್ತದೆ. ಅಡ್ಡ ಎಳೆತ ಹೆಚ್ಚಿದ್ದು ಹೊರೆ ಅನಿಶ್ಚಿತವಾಗಿರುವ ಟ್ಯೂಬ್, ಬನಾನಾ ಬೋಟ್‌ಗಳಿಗೆ ಬಿಂದು ತಗ್ಗಿನಲ್ಲೂ ಹಿಂಬದಿಯಲ್ಲೂ ಇರಬೇಕು: ಫಲಕದ ಆಸರೆಯಿರುವ ಎರಡು ಹಿಂಗೊಂಡಿಗಳು, ಉದ್ದನೆಯ ಕವಲು, ತೇಲುವ ರಾಟೆ. ನೇರ ಓಟವೇ ಗುರಿಯಾದ ಸ್ಲಾಲಮ್ ಸ್ಕೀಗೆ ಬಿಂದು ನಡುವಿಗೆ ಬರಬಹುದು, ಆದರೆ ತಗ್ಗಿನಲ್ಲಿರಬೇಕು. ಎತ್ತರವೂ ನಡುವೂ ಕೂಡಿದ ಟವರ್ ಒಬ್ಬ ವೇಕ್‌ಬೋರ್ಡ್ ಸವಾರನಿಗೆ ಮಾತ್ರ ಮೀಸಲು. ಕ್ಲೀಟ್, ಏಣಿ, ಸೀಟಿನ ಕಾಲುಗಳು ಯಾವ ಆಟಕ್ಕೂ ಸಲ್ಲವು. ದೋಣಿ ಕೊಳ್ಳುವವರೂ ಬಾಡಿಗೆಗೆ ನಡೆಸುವವರೂ ಮೊದಲು ಎಳೆಯಬೇಕಾದ್ದು ಏನೆಂದು ತೀರ್ಮಾನಿಸಿ, ಆಮೇಲೆ ಬಿಂದುವನ್ನು ಆರಿಸಬೇಕು. ಇರುವ ಬಿಂದು ಹೊಂದದಿದ್ದರೆ ಆ ಆಟವನ್ನೇ ಆ ದೋಣಿಯಿಂದ ಕೈಬಿಡಬೇಕು.