ಕಾರು ಉಳಿಯಿತು, ಅಚ್ಚು ಸಮುದ್ರ ಸೇರಿತು

'ಬ್ಯಾಕ್ ಟು ದ ಫ್ಯೂಚರ್' ಸಿನಿಮಾ ನೋಡಿದವರಿಗೆಲ್ಲ ಆ ಕಾರು ನೆನಪಿರುತ್ತೆ. ರೆಕ್ಕೆ ಎತ್ತಿದ ಹಾಗೆ ಮೇಲಕ್ಕೆ ತೆರೆಯೋ ಬಾಗಿಲು, ಬಣ್ಣವೇ ಬಳಿಯದ ಮೈ. ಹಾಸ್ಟೆಲ್ಲಿನಲ್ಲಿ ಮೊದಲ ಸಲ ನೋಡಿದಾಗ "ಇದೇನೋ, ನಮ್ಮಮ್ಮನ ಸ್ಟೀಲ್ ಡಬ್ಬಿ ಥರ ಇದೆ!" ಅಂತ ನಕ್ಕಿದ್ದೆ. ಆಮೇಲೆ ಗೊತ್ತಾಯ್ತು, ಅದು ಬರೀ ತಮಾಷೆ ಅಲ್ಲ. ಆ ಡಿಲೋರಿಯನ್ ಕಾರಿನ ಹೊರಮೈ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಒಳ್ಳೆಯ ಸ್ಟೀಲ್ ಪಾತ್ರೆಗಳದ್ದೂ ಇದೇ ಜಾತಿ!

ತಗಡಿನಿಂದ ಪ್ಯಾನೆಲ್ ಮಾಡೋದು ಕೇಳೋಕೆ ಸುಲಭ. ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚು, ಅಂದ್ರೆ ಡೈ. ನಡುವೆ ತಗಡಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಆಕಾರ ಬರುತ್ತೆ. ಆದರೆ ಈ ಸ್ಟೀಲು ಬಲು ಹಟಮಾರಿ. ಒತ್ತಿದಷ್ಟೂ ಗಟ್ಟಿಯಾಗುತ್ತೆ, ಬಿಟ್ಟ ಕೂಡಲೇ ಒಂಚೂರು ವಾಪಸ್ ಬಗ್ಗುತ್ತೆ, ಡೈಗೆ ಅಂಟಿ ಗೀರು ಬೀಳುತ್ತೆ. ಮಾಮೂಲಿ ಕಾರಾದರೆ ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ತಪ್ಪು ಮುಚ್ಚಬಹುದು. ಇಲ್ಲಿ ಪೇಂಟೇ ಇಲ್ಲವಲ್ಲ! ಹಾಗಾಗಿ ತಗಡು ಎಷ್ಟು ವಾಪಸ್ ಬಗ್ಗುತ್ತೋ ಅಷ್ಟು ಲೆಕ್ಕ ಹಾಕಿ ಡೈ ಕೆತ್ತಬೇಕು. ಜಾಣತನವೆಲ್ಲ ಇರೋದು ಡೈನಲ್ಲೇ.

ಕಾರ್ಖಾನೆ ಇದ್ದದ್ದು ಉತ್ತರ ಐರ್ಲೆಂಡಿನಲ್ಲಿ, ಬೆಲ್‌ಫಾಸ್ಟ್ ಪಕ್ಕದ ಡನ್‌ಮರಿಯಲ್ಲಿ. ಜನರಲ್ ಮೋಟರ್ಸ್ ಬಿಟ್ಟು ಬಂದ ಅಮೆರಿಕದ ಜಾನ್ ಡಿಲೋರಿಯನ್ ಅದನ್ನು ಕಟ್ಟಿದ. ಗಲಭೆ, ನಿರುದ್ಯೋಗ ಎರಡೂ ತುಂಬಿದ್ದ ಊರಿಗೆ ಕೆಲಸ ಬರಲಿ ಅಂತ ಬ್ರಿಟಿಷ್ ಸರ್ಕಾರ ಏಳೆಂಟು ಕೋಟಿ ಪೌಂಡ್ ಸುರಿಯಿತು. ಒಂದು ಕಡೆ ಕ್ಯಾಥೊಲಿಕ್ಕರ ಟ್ವಿನ್‌ಬ್ರೂಕ್, ಇನ್ನೊಂದು ಕಡೆ ಪ್ರಾಟೆಸ್ಟಂಟರ ಡನ್‌ಮರಿ. ಇಬ್ಬರೂ ಒಂದೇ ಸೂರಿನಡಿ ಕಾರು ಜೋಡಿಸಿದರು. 1981ರ ಮೇ ತಿಂಗಳಲ್ಲಿ ಟ್ವಿನ್‌ಬ್ರೂಕಿನ ಬಾಬಿ ಸ್ಯಾಂಡ್ಸ್ ಜೈಲಿನಲ್ಲಿ ಉಪವಾಸವಿದ್ದು ಸತ್ತಾಗ ಗಲಭೆಯ ಬೆಂಕಿ ಕಾರ್ಖಾನೆಗೂ ತಾಗಿತು. ಆದರೂ ಕೆಲಸ ನಿಲ್ಲಲಿಲ್ಲ.

ಗಲಭೆಗೆ ನಿಲ್ಲದ್ದನ್ನು ಲೆಕ್ಕದ ಪುಸ್ತಕ ನಿಲ್ಲಿಸಿತು. 25,000 ಡಾಲರಿನ ಕಾರು, ಅಮೆರಿಕದಲ್ಲಿ ಆರ್ಥಿಕ ಹಿಂಜರಿತ, ಕೊಳ್ಳೋರು ಕಡಿಮೆ. 1982ರ ಫೆಬ್ರವರಿಯಲ್ಲಿ ಕಂಪನಿ ರಿಸೀವರುಗಳ ಕೈಗೆ ಹೋಯ್ತು. ಅಕ್ಟೋಬರಿನಲ್ಲಿ ಡಿಲೋರಿಯನ್ ಕೊಕೇನ್ ಪ್ರಕರಣದಲ್ಲಿ ಬಂಧನಕ್ಕೊಳಗಾದ (1984ರಲ್ಲಿ ಖುಲಾಸೆಯಾದ). ಅಷ್ಟು ಹೊತ್ತಿಗೆ ತಯಾರಾಗಿದ್ದು ಸುಮಾರು 9,000 ಕಾರು. ಒಂದು ಕಾಲಕ್ಕೆ ಅಲ್ಲಿ ದುಡಿಯುತ್ತಿದ್ದ ಸುಮಾರು 2,500 ಮಂದಿಯ ಕೆಲಸ ಹೋಯ್ತು.

ನನ್ನನ್ನು ಕಾಡಿದ್ದು ಮುಂದಿನ ಕಥೆ. ಪ್ಯಾನೆಲ್ ಒತ್ತಿದ ಡೈಗಳು ಗುಜರಿಗೆ ಹೋದವು. ಅವುಗಳಲ್ಲಿ ಕೆಲವು ಗಾಲ್ವೇ ಕರಾವಳಿಯಲ್ಲಿ, ಮೀನು ಸಾಕುವ ಬಲೆಗಳು ತೇಲಿ ಹೋಗದಂತೆ ಕಟ್ಟುವ ಭಾರವಾಗಿ ಸಮುದ್ರದ ತಳ ಸೇರಿದವು! ಭಾರವಿದೆ, ಅಗ್ಗಕ್ಕೆ ಸಿಕ್ಕಿದೆ, ಕೊಂಡವರ ತಪ್ಪೇನೂ ಇಲ್ಲ ಬಿಡಿ. ಮೂರು ವರ್ಷಕ್ಕೆ, 1985ರಲ್ಲಿ, ಸಿನಿಮಾ ಬಂತು. ಜಗತ್ತೆಲ್ಲ ಆ ಕಾರಿಗೆ ಮರುಳಾಯ್ತು, ಮತ್ತೆ ಒತ್ತೋಕೆ ಅಚ್ಚೇ ಇರಲಿಲ್ಲ.

ಹಿಂದೊಮ್ಮೆ ನಮ್ಮ ಪ್ರಾಜೆಕ್ಟೊಂದು ಮುಚ್ಚಿದಾಗ ಸರ್ವರ್ ಖಾಲಿ ಮಾಡಿ ಅಂದರು, ಮಾಡಿದೆವು. ಎರಡು ವರ್ಷದ ಸೋರ್ಸ್ ಕೋಡ್ ಹೋಯ್ತು. ಪ್ರೋಗ್ರಾಮು ಇನ್ನೂ ಎಲ್ಲೋ ಓಡುತ್ತಿದೆ, ಆದರೆ ಅದರ ಒಂದು ಸಾಲನ್ನೂ ಯಾರೂ ತಿದ್ದಲಾರರು. ಅವತ್ತು ನನಗೇನೂ ಅನ್ನಿಸಿರಲಿಲ್ಲ. ಈ ಡೈಗಳ ಕಥೆ ಓದಿದ ಮೇಲೆ ಹೊಟ್ಟೆಯಲ್ಲಿ ಏನೋ ಸಂಕಟ.

ನೀವೂ ಹೀಗೆ ಯಾವುದಾದರೂ ಅಚ್ಚನ್ನು ಗುಜರಿಗೆ ಹಾಕಿದ್ದೀರಾ?